0.2 ಮಿ.ಮೀ. ಹಿತ್ತಾಳೆಯಲ್ಲಿ ಅರವತ್ತು ಸೀಳು: ಫೋಟೊ ಎಚಿಂಗ್ ಮಾಡುವ ಬಗೆ

ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇದೆ. ಅಡ್ಡಳತೆ 40 ಮಿ.ಮೀ., ದಪ್ಪ 0.2 ಮಿ.ಮೀ. ಅಂಚಿನ ಒಳಗೆ ಸುತ್ತಲೂ 60 ಸೀಳುಗಳು. ಮೋಟಾರು ಎಷ್ಟು ತಿರುಗಿತು ಅಂತ ಲೆಕ್ಕ ಇಡುವ ಎನ್‌ಕೋಡರ್ ಡಿಸ್ಕ್ ಇದು. ಒಂದೊಂದು ಸೀಳಿನ ಅಗಲ 0.94 ಮಿ.ಮೀ. ಎರಡು ಸೀಳುಗಳ ನಡುವಿನ ಪಟ್ಟಿಯೂ ಅಷ್ಟೇ ಅಗಲ. ಒಂದು ಸೀಳು ಹಿಗ್ಗಿ ಪಕ್ಕದ್ದು ಕುಗ್ಗಿದರೆ ಸೆನ್ಸರ್ ತೋರಿಸುವ ವೇಗ ಓಲಾಡುತ್ತದೆ.

ಇದನ್ನು ಗರಗಸದಲ್ಲಿ ಕೊಯ್ಯಲು ಆಗುವುದಿಲ್ಲ. ಪಂಚ್ ಮಾಡಿಸೋಣ ಅಂದರೆ ಎರಡು ಬಿಲ್ಲೆಗಾಗಿ ಯಾರು ಡೈ ಮಾಡಿಸುತ್ತಾರೆ? ಲೇಸರ್‌ನಲ್ಲಿ ಕತ್ತರಿಸಬಹುದು. ಆದರೆ ಇಷ್ಟು ತೆಳು ತಗಡು ಬಿಸಿಗೆ ಸೊಟ್ಟಗಾಗುವ ಭಯ, ಅಂಚಿನಲ್ಲಿ ಕರಗಿದ ಲೋಹ ಅಂಟಿಕೊಳ್ಳುವ ಕಾಟ ಇದ್ದೇ ಇರುತ್ತದೆ. ಬೇಡದ ಲೋಹವನ್ನು ರಾಸಾಯನಿಕದಿಂದ ತಿನ್ನಿಸಿದರೆ, ಅಂದರೆ ಎಚಿಂಗ್ ಮಾಡಿದರೆ, ಬಿಸಿ ಇಲ್ಲ, ಹೊಡೆತ ಇಲ್ಲ, ಬರ್ (ಅಂಚಿನಲ್ಲಿ ಏಳುವ ಲೋಹದ ಮುಳ್ಳು) ಇಲ್ಲ. ತಗಡಿನ ಗಡಸುತನ ಇದ್ದ ಹಾಗೇ ಇರುತ್ತದೆ. ಎಲ್ಲಕ್ಕಿಂತ ನನಗೆ ಇಷ್ಟವಾಗುವುದು ಇದು: ಒಂದು ತೂತಿಗೆ ಎಷ್ಟು ಹೊತ್ತು ಬೇಕೋ ಸಾವಿರ ತೂತಿಗೂ ಅಷ್ಟೇ ಹೊತ್ತು ಸಾಕು. ಹಳೇ ಪಿಕ್ಚರ್ ಟ್ಯೂಬ್ ಕಲರ್ ಟಿವಿಗಳ ಒಳಗೆ ಲಕ್ಷಾಂತರ ತೂತುಗಳ ಶ್ಯಾಡೋ ಮಾಸ್ಕ್ ಇರುತ್ತಿತ್ತಲ್ಲ, ಅದನ್ನು ಮಾಡುತ್ತಿದ್ದದ್ದು ಹೀಗೇ. ಐಸಿ ಚಿಪ್‌ಗಳಿಗೆ ಕಾಲುಗಳಾಗುವ ಲೀಡ್ ಫ್ರೇಮ್‌ಗಳನ್ನು ಇವತ್ತಿಗೂ ಹೀಗೆ ಮಾಡುವುದುಂಟು.

ವಿದ್ಯೆ ಹೊಸದೇನಲ್ಲ. ಯುರೋಪಿನಲ್ಲಿ ಯೋಧರ ಲೋಹದ ಕವಚಗಳ ಮೇಲೆ ಮೇಣ ಬಳಿದು, ಗೀಚಿ, ಹುಳಿ ಸುರಿದು ಚಿತ್ತಾರ ತೆಗೆಯುತ್ತಿದ್ದರು. ಜರ್ಮನಿಯ ಆಗ್ಸ್‌ಬರ್ಗ್‌ನ ಡ್ಯಾನಿಯಲ್ ಹಾಪ್ಫರ್ ಸುಮಾರು 1500ರ ಹೊತ್ತಿಗೆ ಅದೇ ಕೆಲಸವನ್ನು ಚಿತ್ರ ಅಚ್ಚು ಹಾಕುವ ಕಬ್ಬಿಣದ ತಟ್ಟೆಗೆ ತಂದ. ಅದಕ್ಕೆ ಬೆಳಕು ಸೇರಿಸಿದವನು ಫ್ರಾನ್ಸ್‌ನ ನಿಸೆಫೋರ್ ನಿಯೆಪ್ಸ್. ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಒಂದು ಬಗೆಯ ಡಾಂಬರನ್ನು 1820ರ ದಶಕದಲ್ಲಿ ಲೋಹದ ತಟ್ಟೆಗೆ ಬಳಿದು ನೋಡಿದ. ನಾವು ಇವತ್ತು ಮಾಡುವುದೂ ಅದನ್ನೇ. ಡಾಂಬರಿನ ಬದಲು, ತಿನ್ನಬಾರದ ಕಡೆ ಲೋಹವನ್ನು ಮುಚ್ಚಿಡುವ ನೀಲಿ ಡ್ರೈ ಫಿಲ್ಮ್, ಅಷ್ಟೇ.

ಪಕ್ಕಕ್ಕೂ ತಿನ್ನುತ್ತದೆ

ಮೊದಲು ಇದೊಂದು ವಿಷಯ ತಲೆಗೆ ಹೋಗಬೇಕು. ದ್ರಾವಣ ತಗಡನ್ನು ಕೆಳಕ್ಕೆ ಮಾತ್ರ ತಿನ್ನುವುದಿಲ್ಲ. ಫಿಲ್ಮ್‌ನ ಅಡಿಗೆ ನುಗ್ಗಿ ಪಕ್ಕಕ್ಕೂ ತಿನ್ನುತ್ತದೆ. ಇದಕ್ಕೆ ಅಂಡರ್‌ಕಟ್ ಅನ್ನುತ್ತಾರೆ. ನದಿ ದಡವನ್ನು ಅಡಿಯಿಂದ ಕೊರೆದ ಹಾಗೆ. ಮೇಲೆ ಹುಲ್ಲು ಹಾಗೇ ನಿಂತಿರುತ್ತದೆ, ಕೆಳಗೆ ಮಣ್ಣು ಹೋಗಿರುತ್ತದೆ.

ನೀವು 1 ಮಿ.ಮೀ. ತೂತು ಬರೆದರೆ 1 ಮಿ.ಮೀ. ತೂತು ಸಿಗುವುದಿಲ್ಲ, ಅದಕ್ಕಿಂತ ದೊಡ್ಡದು ಸಿಗುತ್ತದೆ. 1 ಮಿ.ಮೀ. ಪಟ್ಟಿ ಬರೆದರೆ ಅದಕ್ಕಿಂತ ಸಣ್ಣದು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವುದು ನಿಮ್ಮ ದ್ರಾವಣ, ಅದರ ಬಿಸಿ, ಅದನ್ನು ಅಲ್ಲಾಡಿಸುವ ರೀತಿ, ತಗಡಿನ ದಪ್ಪ, ಎಲ್ಲದರ ಮೇಲೂ ನಿಂತಿದೆ. ಹಾಗಾಗಿ ಬೇರೆಯವರು ಹೇಳಿದ ಅಂಕಿ ನಂಬಿ ಚಿತ್ರ ಬರೆಯಬೇಡಿ. ನಿಮ್ಮ ತೊಟ್ಟಿಯ ಅಂಕಿಯನ್ನು ನೀವೇ ಅಳೆದುಕೊಳ್ಳಬೇಕು. ಈ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಅಳೆಯುವುದು ಕಷ್ಟವಲ್ಲ. ಮೊದಲ ದಿನ ಭಾಗವನ್ನೇ ಮಾಡಲು ಹೋಗಬೇಡಿ. ಪರೀಕ್ಷೆಗೆ ಅಂತಲೇ ಒಂದು ತುಂಡು ಮಾಡಿ. ಅದರಲ್ಲಿ 0.2ರಿಂದ 1 ಮಿ.ಮೀ.ವರೆಗೆ ಬೇರೆ ಬೇರೆ ಅಗಲದ ಸೀಳುಗಳು, ಅಷ್ಟೇ ಅಗಲದ ಪಟ್ಟಿಗಳು, ಒಂದು ಸಾಲು ತೂತುಗಳು ಇರಲಿ. ಎರಡೂ ಕಡೆಯಿಂದ ತಿನ್ನಿಸಿ, ತೊಳೆದು, ಅಳೆಯಿರಿ. ಬರೆದದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಎರಡರಿಂದ ಭಾಗಿಸಿದರೆ ಒಂದು ಅಂಚಿನ ಅಂಡರ್‌ಕಟ್ ಸಿಗುತ್ತದೆ.

ನನ್ನ ತೊಟ್ಟಿಯಲ್ಲಿ, 0.2 ಮಿ.ಮೀ. ಹಿತ್ತಾಳೆಗೆ ಅದು 0.06 ಮಿ.ಮೀ. ಅಂದರೆ ಎರಡು ಅಂಚು ಸೇರಿ 0.12. ಈಗ ಬಿಲ್ಲೆಯ ಲೆಕ್ಕ ಸುಲಭ. ಸೀಳು 0.94 ಬೇಕು, ಬರೆಯುವುದು 0.82. ನಡುವಿನ ತೂತು 5 ಬೇಕು, ಬರೆಯುವುದು 4.88. ಹೊರಗಿನ ಅಡ್ಡಳತೆ 40 ಬೇಕು, ಬರೆಯುವುದು 40.12. ತೂತನ್ನು ಕುಗ್ಗಿಸಿ, ಉಳಿಯುವ ಲೋಹವನ್ನು ಹಿಗ್ಗಿಸಿ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನೂ ಎರಡು ಮಾತು. ತೂತು ತಗಡಿನ ದಪ್ಪಕ್ಕಿಂತ ಸಣ್ಣದಾಗಬಾರದು. ದಪ್ಪದ 1.2 ಪಟ್ಟು ಇಟ್ಟುಕೊಂಡರೆ ನೆಮ್ಮದಿ. ಇನ್ನು ಅಳತೆ ಎಷ್ಟು ಕರಾರುವಾಕ್ಕಾಗಿ ಬರುತ್ತದೆ ಅಂದರೆ, ಒಳ್ಳೆಯ ಕಾರ್ಖಾನೆಗಳಲ್ಲಿ ದಪ್ಪದ ಶೇ. 10ರಷ್ಟು ಆಚೀಚೆ ಅನ್ನುವುದು ರೂಢಿ. ಮನೆಯಲ್ಲಿ ಮಾಡುವಾಗ ಅದರ ಎರಡರಷ್ಟು ಬಂದರೂ ಚೆನ್ನಾಗಿ ಬಂತು ಅಂತಲೇ ಲೆಕ್ಕ.

ಯಾವ ಲೋಹ, ಯಾವ ದ್ರಾವಣ

ಹಿತ್ತಾಳೆಯಿಂದಲೇ ಶುರು ಮಾಡಿ. ತಾಮ್ರವೂ ಆಗುತ್ತದೆ, ಆದರೆ ಮೆತ್ತಗೆ, ಕೈಯಲ್ಲಿ ಬಾಗುತ್ತದೆ. ಸ್ಪ್ರಿಂಗ್ ಥರದ ಭಾಗ ಬೇಕಾದರೆ ಫಾಸ್ಫರ್ ಬ್ರಾನ್ಜ್ ಒಳ್ಳೆಯದು. ಈ ಮೂರಕ್ಕೂ ದ್ರಾವಣ ಒಂದೇ, ಫೆರಿಕ್ ಕ್ಲೋರೈಡ್. ಪಿಸಿಬಿ (ಎಲೆಕ್ಟ್ರಾನಿಕ್ಸ್‌ನ ಸರ್ಕ್ಯೂಟ್ ಬೋರ್ಡ್) ಮಾಡುವ ಹವ್ಯಾಸಿಗಳು ಇದನ್ನು ಬಳಸುತ್ತಾರೆ. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಹಳದಿ ಮಿಶ್ರಿತ ಕಂದು ಬಣ್ಣದ ಉಂಡೆಗಳನ್ನು ತೆಗೆದುಕೊಳ್ಳಿ. ಕಪ್ಪು ಪುಡಿಯಾಗಿ ಬರುವ ನೀರಿಲ್ಲದ ಬಗೆ ಬೇಡ. ಅದು ನೀರಿಗೆ ಬಿದ್ದ ಕೂಡಲೇ ಕೊತಕೊತ ಕುದಿಯುವಷ್ಟು ಬಿಸಿಯಾಗುತ್ತದೆ, ಮೂಗಿಗೆ ಹೊಡೆಯುವ ಹೊಗೆ ಬಿಡುತ್ತದೆ. ಒಂದು ಲೀಟರ್ ನೀರಿಗೆ ಒಂದು ಕೆ.ಜಿ. ಉಂಡೆ ಸರಿ. ಯಾವಾಗಲೂ ನೀರಿಗೆ ಉಂಡೆ ಹಾಕಿ, ಉಂಡೆಗೆ ನೀರು ಸುರಿಯಬೇಡಿ. ಸ್ವಲ್ಪ ಸ್ವಲ್ಪ ಹಾಕಿ ಕಲಕಿ. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದಾಗಿರಲಿ. ಸ್ಟೀಲ್ ಪಾತ್ರೆಯನ್ನು ಫೆರಿಕ್ ತಿಂದುಬಿಡುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನಂತೂ ಕೇಳುವುದೇ ಬೇಡ. ಒಮ್ಮೆ ಇದಕ್ಕೆ ಬಳಸಿದ ಡಬ್ಬ, ಚಮಚ, ಬ್ರಷ್ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು.

ನೈಟ್ರೈಲ್ ಗ್ಲೌಸ್, ಪಕ್ಕ ಮುಚ್ಚುವ ಕನ್ನಡಕ, ಹಳೇ ಬಟ್ಟೆ, ಗಾಳಿಯಾಡುವ ಜಾಗ ಬೇಕೇ ಬೇಕು. ಬಟ್ಟೆ ಮೇಲೆ ಬಿದ್ದ ಫೆರಿಕ್ ಕಲೆ ಹೋಗುವುದಿಲ್ಲ. ಮಕ್ಕಳು ಓಡಾಡುವ ಮನೆಯಾದರೆ ಡಬ್ಬದ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಹೆಸರು ಬರೆದು ಬೀಗ ಹಾಕುವ ಜಾಗದಲ್ಲಿಡಿ. ನೋಡಲು ಅದು ಡಿಕಾಕ್ಷನ್ ಥರವೇ ಇರುತ್ತದೆ.

ಅಲ್ಯೂಮಿನಿಯಂ ತಗಡನ್ನು ಫೆರಿಕ್‌ಗೆ ಹಾಕಬೇಡಿ. ವಿಪರೀತ ಬಿಸಿಯಾಗಿ ನೊರೆ ಉಕ್ಕುತ್ತದೆ, ಹೈಡ್ರೋಜನ್ ಬರುತ್ತದೆ. ಅದಕ್ಕೆ ಮೈಲುತುತ್ತ ಮತ್ತು ಅಡುಗೆ ಉಪ್ಪಿನ ದ್ರಾವಣ ಇದೆ. ಹೌದು, ಅಡಿಕೆ ತೋಟಕ್ಕೆ ಬೋರ್ಡೋ ಮಾಡುವ ಮೈಲುತುತ್ತವೇ. ಅಲ್ಯೂಮಿನಿಯಂ ಕರಗಿ, ಅದರ ಜಾಗದಲ್ಲಿ ತಾಮ್ರ ಕೆಂಪು ಗಸಿಯಾಗಿ ಉದುರುತ್ತದೆ. ಸತುವಿಗೂ ಇದೇ ದ್ರಾವಣ. ನಮ್ಮ ಬೀದರಿನ ಬಿದರಿ ಕೆಲಸದವರು ಕೆತ್ತುವ ಮುಂಚೆ ಪಾತ್ರೆಯ ಮೈಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಳ್ಳುತ್ತಾರೆ, ಗೀಚಿದ ಗೆರೆ ಎದ್ದು ಕಾಣಲಿ ಅಂತ. ಬಿದರಿ ಲೋಹದಲ್ಲಿ ಬಹುಪಾಲು ಸತು. ಅದು ನೀರಿನಲ್ಲಿರುವ ತಾಮ್ರವನ್ನು ಎಳೆದುಕೊಳ್ಳುವುದೇ ಆ ಕಪ್ಪಿಗೆ ಕಾರಣ.

ಸ್ಟೇನ್‌ಲೆಸ್ ಸ್ಟೀಲನ್ನೂ ಫೆರಿಕ್ ತಿನ್ನುತ್ತದೆ. ಆದರೆ ಉಳಿಯುವ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್ ಸೇರಿಕೊಳ್ಳುತ್ತವೆ. ಅದನ್ನು ಮನೆಯಲ್ಲಿ ಸಂಭಾಳಿಸುವುದು ಬೇಡ, ಹೊರಗೆ ಮಾಡಿಸಿ. ಟೈಟಾನಿಯಂ ಅಂತೂ ಯೋಚನೆಯನ್ನೇ ಮಾಡಬೇಡಿ. ಅದಕ್ಕೆ ಹೈಡ್ರೋಫ್ಲೋರಿಕ್ ಆಸಿಡ್ ಬೇಕು. ಚರ್ಮದ ಮೂಲಕ ಒಳಗೆ ಇಳಿದು ಜೀವವನ್ನೇ ತೆಗೆಯಬಲ್ಲ ಆಸಿಡ್ ಅದು.

ಚಿತ್ರ ಮತ್ತು ಫಿಲ್ಮ್

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಯಾವ ಕ್ಯಾಡ್ ಸಾಫ್ಟ್‌ವೇರ್ ಆದರೂ ನಡೆಯುತ್ತದೆ. ಅಳತೆ ಸರಿಯಾಗಿರಬೇಕು, ಅಷ್ಟೇ.

ಭಾಗದ ಸುತ್ತ ಇರುವ ಬೇಡದ ಲೋಹವನ್ನೆಲ್ಲ ತಿನ್ನಿಸಬೇಡಿ. ಸುತ್ತಲೂ ಅರ್ಧ ಮಿ.ಮೀ. ಅಗಲದ ಕಾಲುವೆ ಬರೆದರೆ ಸಾಕು, ಭಾಗ ಬಿಡಿಸಿಕೊಂಡು ಬರುತ್ತದೆ. ದ್ರಾವಣವೂ ಉಳಿಯುತ್ತದೆ. ಎಲ್ಲ ಕಾಲುವೆಗಳೂ ಒಂದೇ ಅಗಲ ಇದ್ದರೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ತೆರೆದುಕೊಳ್ಳುತ್ತವೆ. ಒಂದು ಕಡೆ ಅಗಲ, ಒಂದು ಕಡೆ ಕಿರಿದು ಮಾಡಿದರೆ ಕಿರಿದಾದದ್ದು ತೆರೆಯುವಷ್ಟರಲ್ಲಿ ಅಗಲವಾದದ್ದು ಮಿತಿಮೀರಿ ತಿಂದಿರುತ್ತದೆ.

ಕಾಲುವೆಯನ್ನು ಪೂರ್ತಿ ಸುತ್ತು ಹಾಕಬೇಡಿ. ಎರಡು ಮೂರು ಕಡೆ ಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ಟ್ಯಾಬ್ ಬಿಡಿ. ಬರೆಯುವಾಗ 0.35 ಮಿ.ಮೀ. ಇಟ್ಟರೆ ತಿಂದ ಮೇಲೆ 0.23 ಉಳಿಯುತ್ತದೆ, ಬ್ಲೇಡಿನಲ್ಲಿ ಸುಲಭವಾಗಿ ಕತ್ತರಿಸಬಹುದು. ಟ್ಯಾಬ್ ಇಲ್ಲದಿದ್ದರೆ ಭಾಗ ಕಳಚಿ ತೊಟ್ಟಿಯ ತಳ ಸೇರುತ್ತದೆ. ಆ ಕಂದು ನೀರಿನಲ್ಲಿ ತಳ ಕಾಣುವುದಿಲ್ಲ. ನೀವು ಹುಡುಕುವ ಅಷ್ಟೂ ಹೊತ್ತು ಅದು ತಿನ್ನಿಸಿಕೊಳ್ಳುತ್ತಲೇ ಇರುತ್ತದೆ.

ಈಗ ಕಪ್ಪು ಎಲ್ಲಿ, ಬಿಳಿ ಎಲ್ಲಿ ಅನ್ನುವ ಪ್ರಶ್ನೆ. ನಾವು ಬಳಸುವ ಡ್ರೈ ಫಿಲ್ಮ್ ನೆಗೆಟಿವ್ ಬಗೆಯದು. ಬೆಳಕು ಬಿದ್ದ ಕಡೆ ಗಟ್ಟಿಯಾಗಿ ಉಳಿಯುತ್ತದೆ. ಹಾಗಾಗಿ ಲೋಹ ಉಳಿಯಬೇಕಾದ ಕಡೆ ಪಾರದರ್ಶಕ, ಲೋಹ ಹೋಗಬೇಕಾದ ಕಡೆ ಕಪ್ಪು. ಅಂದರೆ ನಮ್ಮ ಬಿಲ್ಲೆಯ ಚಿತ್ರದಲ್ಲಿ ಕಪ್ಪಾಗಿರುವುದು ಸೀಳುಗಳು, ನಡುವಿನ ತೂತು, ಸುತ್ತಲಿನ ಕಾಲುವೆ ಮಾತ್ರ.

ಪಾರದರ್ಶಕ ಹಾಳೆಯ ಮೇಲೆ ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿದರೆ ಎರಡು ತೊಂದರೆ. ಒಂದು, ಕಪ್ಪು ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು. ಕಿಟಕಿಗೆ ಹಿಡಿದರೆ ನಕ್ಷತ್ರದ ಹಾಗೆ ಕಾಣುತ್ತವೆ. ಇನ್ನೊಂದು, ಕಾಗದ ಎಳೆಯುವಾಗ ಅಳತೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. 100 ಮಿ.ಮೀ. ಗೆರೆ ಮುದ್ರಿಸಿ ವರ್ನಿಯರ್‌ನಲ್ಲಿ ಅಳೆದು ನೋಡಿ, ಎರಡೂ ದಿಕ್ಕಿನಲ್ಲಿ. ಕಲಿಯುವುದಕ್ಕೆ ಇದು ಪರವಾಗಿಲ್ಲ. ಅಳತೆ ಬೇಕು ಅಂದರೆ ಆಫ್‌ಸೆಟ್ ಮುದ್ರಣಕ್ಕೆ ಫಿಲ್ಮ್ ತೆಗೆದುಕೊಡುವವರ ಹತ್ತಿರ ಹೋಗಿ. ಇಂಚಿಗೆ 2400 ಚುಕ್ಕೆಯ ಫಿಲ್ಮ್‌ನಲ್ಲಿ ಒಂದು ಚುಕ್ಕೆ ಅಂದರೆ ಸುಮಾರು 0.01 ಮಿ.ಮೀ. ಸಾಧಾರಣ 600 ಚುಕ್ಕೆಯ ಪ್ರಿಂಟರ್‌ನಲ್ಲಿ ಅದು 0.04. ಅಂಡರ್‌ಕಟ್ಟನ್ನು 0.06 ಅಂತ ಅಳೆದು ಕೂತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಎರಡೂ ಕಡೆಯಿಂದ ತಿನ್ನಿಸಬೇಕಾದ್ದರಿಂದ ಚಿತ್ರ ಮುದ್ರಿಸಿದ ಎರಡು ಫಿಲ್ಮ್ ಬೇಕು, ಒಂದು ನೇರ, ಒಂದು ಕನ್ನಡಿಯಲ್ಲಿ ಕಂಡಂತೆ. ಮಸಿ ಇರುವ ಮುಖ ಎರಡರಲ್ಲೂ ತಗಡಿನ ಕಡೆಗೇ ಇರಬೇಕು. ಇಲ್ಲದಿದ್ದರೆ ಹಾಳೆಯ ದಪ್ಪದೊಳಗೆ ಬೆಳಕು ಓರೆಯಾಗಿ ನುಸುಳಿ ಗೆರೆ ಮಸುಕಾಗುತ್ತದೆ. ಎರಡನ್ನೂ ಬೆಳಕಿನ ಮೇಲಿಟ್ಟು, ಮೂಲೆಗಳ ಕೂಡು ಗುರುತುಗಳು ಒಂದರ ಮೇಲೊಂದು ಕೂರುವ ತನಕ ಭೂತಗನ್ನಡಿಯಲ್ಲಿ ನೋಡುತ್ತಾ ಸರಿಸಿ. ಒಂದು ಬದಿಗೆ ಅದೇ ದಪ್ಪದ ಹಿತ್ತಾಳೆ ಪಟ್ಟಿ ಕೊಟ್ಟು ಟೇಪ್ ಹಾಕಿ, ಲಕೋಟೆ ಥರ. ತಗಡು ಇದರೊಳಗೆ ಜಾರಿಕೊಂಡು ಕೂರುತ್ತದೆ. ಇಲ್ಲಿ ಅವಸರ ಮಾಡಿದರೆ ಭಾಗದ ಅಂಚಿನಲ್ಲಿ ಮೆಟ್ಟಿಲು ಬೀಳುತ್ತದೆ.

ತೊಳೆಯುವುದರಲ್ಲೇ ಎಲ್ಲ ಇದೆ

ಈ ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ತಿನ್ನಿಸಿದ ಒಂದು ತುಂಡು ಇನ್ನೂ ನನ್ನ ಹತ್ತಿರ ಇದೆ. ಅದರ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಇದೆ. ಮಸಿಯದ್ದಲ್ಲ, ಹಿತ್ತಾಳೆಯಲ್ಲೇ ಕೊರೆದದ್ದು. ಗೆರೆ ಗೆರೆಯೂ ಎಣಿಸಬಹುದು. ತಗಡು ತೊಳೆದ ಮೇಲೆ ಬರಿಗೈಯಲ್ಲಿ ಹಿಡಿದಿದ್ದೆ. ಬೆರಳಿನ ಎಣ್ಣೆ ಇದ್ದ ಕಡೆ ಫಿಲ್ಮ್ ಸರಿಯಾಗಿ ಅಂಟಲಿಲ್ಲ. ಆ ಸಂದಿನಲ್ಲಿ ಫೆರಿಕ್ ನುಗ್ಗಿತು. ಯಾರಿಗಾದರೂ ಈ ಕೆಲಸ ಹೇಳಿಕೊಡುವಾಗ ಮೊದಲು ಆ ತುಂಡನ್ನೇ ಕೈಗೆ ಕೊಡುತ್ತೇನೆ.

ಹಾಗಾಗಿ ಇಲ್ಲಿಂದ ಗ್ಲೌಸ್ ಹಾಕಿಕೊಂಡೇ ಮುಂದುವರಿಯಿರಿ. ತಗಡನ್ನು ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತಿಕ್ಕಿ. ಆಮೇಲೆ ಹುಳಿ. ಸಿಟ್ರಿಕ್ ಆಸಿಡ್ ನೀರು ಆಗಬಹುದು. ಹಬ್ಬಕ್ಕೆ ದೀಪ ಬೆಳಗುವ ಹುಣಸೆಹಣ್ಣಿನ ರಸವೂ ಆಗುತ್ತದೆ, ಆದರೆ ಅದರ ಜಿಗುಟು ಪೂರ್ತಿ ಹೋಗುವ ತನಕ ತೊಳೆಯಬೇಕು. ಕಂದು ಪದರ ಹೋಗಿ ಹಿತ್ತಾಳೆ ತಿಳಿ ಹಳದಿಗೆ ಬರುತ್ತದೆ. ಕೊನೆಗೆ ಹಸಿರು ಸ್ಕ್ರಬ್‌ನಿಂದ ಹಗುರವಾಗಿ, ಒಮ್ಮೆ ಅಡ್ಡ, ಒಮ್ಮೆ ಉದ್ದ ಉಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬಿದ್ದರೆ ಫಿಲ್ಮ್‌ಗೆ ಹಿಡಿತ ಸಿಗುತ್ತದೆ.

ಸ್ವಚ್ಛ ಆಯಿತೋ ಇಲ್ಲವೋ ಅಂತ ನೀರೇ ಹೇಳುತ್ತದೆ. ತಗಡನ್ನು ನೀರಿನಲ್ಲಿ ಅದ್ದಿ, ಎತ್ತಿ, ನೆಟ್ಟಗೆ ಹಿಡಿಯಿರಿ. ನೀರು ಇಡೀ ಮೈಗೆ ಒಂದೇ ಪೊರೆಯಾಗಿ ಅರ್ಧ ನಿಮಿಷ ನಿಲ್ಲಬೇಕು. ಎಲ್ಲಾದರೂ ಪೊರೆ ಒಡೆದು, ಕೆಸುವಿನ ಎಲೆ ಮೇಲಿನ ನೀರಿನಂತೆ ಹನಿಗಟ್ಟಿದರೆ ಅಲ್ಲಿ ಎಣ್ಣೆ ಇದೆ. ಮತ್ತೆ ಮೊದಲಿನಿಂದ ತೊಳೆಯಿರಿ. ಮೂರು ಸಲ ತೊಳೆದರೂ ಬೇಜಾರು ಮಾಡಿಕೊಳ್ಳಬೇಡಿ.

ಫಿಲ್ಮ್ ಅಂಟಿಸಿ ಬೆಳಕು ಕೊಡುವುದು

ಡ್ರೈ ಫಿಲ್ಮ್ ಸುರುಳಿಯಾಗಿ ಬರುತ್ತದೆ. ಅದರ ಎರಡೂ ಕಡೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಟ್ಯೂಬ್‌ಲೈಟ್ ಕೆಳಗೆ, ಬಿಸಿಲಿನಲ್ಲಿ ಬಿಚ್ಚಬೇಡಿ, ಹಳದಿ ಬಲ್ಬ್ ಹಾಕಿಕೊಳ್ಳಿ. ಎರಡು ತುಂಡು ಟೇಪನ್ನು ಮೂಲೆಯ ಎರಡೂ ಕಡೆ ಅಂಟಿಸಿ ಎಳೆದರೆ ಮೆತ್ತಗಿನ ಒಳ ಪೊರೆ ಬಿಟ್ಟುಕೊಳ್ಳುತ್ತದೆ. ಆ ಮುಖವನ್ನು ತಗಡಿಗೆ ತಾಗಿಸಿ, ಒಂದು ಅಂಚಿನಿಂದ ಗಾಳಿಗುಳ್ಳೆ ಬಾರದಂತೆ ಒತ್ತುತ್ತಾ ಬನ್ನಿ. ತಗಡಿನ ಮೇಲೆ ತೆಳುವಾಗಿ ನೀರು ಇದ್ದರೆ ಗುಳ್ಳೆಗಳನ್ನು ಆಚೆ ತಳ್ಳುವುದು ಸುಲಭ. ಇನ್ನೊಂದು ಕಡೆಗೂ ಹೀಗೇ ಮಾಡಿ, ಐಡಿ ಕಾರ್ಡ್ ಲ್ಯಾಮಿನೇಟ್ ಮಾಡುವ ಮೆಷಿನ್ನಿನಲ್ಲಿ 110 ಡಿಗ್ರಿಗೆ ಎರಡು ಸಲ ಹಾಯಿಸಿ.

ಬೆಳಕಿಗೆ ಉಗುರಿನ ಬಣ್ಣ ಒಣಗಿಸುವ ಯುವಿ ಲ್ಯಾಂಪ್ ಸಾಕು. ಲಕೋಟೆಯೊಳಗೆ ತಗಡನ್ನು ಇಟ್ಟು, ಮೇಲೆ ಗಾಜು ಹೇರಿ, ಚಿತ್ರದ ಫಿಲ್ಮ್ ತಗಡಿಗೆ ಬಿಗಿಯಾಗಿ ಕೂರುವಂತೆ ಮಾಡಿ. ಎಷ್ಟು ಸೆಕೆಂಡ್ ಅನ್ನುವುದನ್ನು ಮತ್ತೆ ನೀವೇ ಕಂಡುಕೊಳ್ಳಬೇಕು. ಒಂದು ಉದ್ದ ತುಂಡಿನ ಮೇಲೆ ಕಪ್ಪು ರಟ್ಟು ಮುಚ್ಚಿ, 10 ಸೆಕೆಂಡಿಗೊಮ್ಮೆ ಒಂದೊಂದು ಸೆಂ.ಮೀ. ಸರಿಸುತ್ತಾ ಹೋಗಿ. ಡೆವಲಪ್ ಮಾಡಿದಾಗ, ಅಂದರೆ ಮುಂದೆ ಹೇಳುವ ಸೋಡಾ ನೀರಿನಲ್ಲಿ ತೊಳೆದಾಗ, ಕಡಿಮೆ ಬೆಳಕು ಕಂಡ ಕಡೆ ಫಿಲ್ಮ್ ಕೊಚ್ಚಿಹೋಗಿರುತ್ತದೆ. ಜಾಸ್ತಿ ಕಂಡ ಕಡೆ ಸಣ್ಣ ಸೀಳುಗಳು ಮುಚ್ಚಿಕೊಂಡಿರುತ್ತವೆ. ಎರಡರ ನಡುವೆ ಗೆರೆ ಚೂಪಾಗಿರುವ ಜಾಗವೇ ನಿಮ್ಮ ಸಮಯ. ಅದನ್ನು ಪುಸ್ತಕದಲ್ಲಿ ಬರೆದಿಡಿ, ದೀಪದಿಂದ ಎಷ್ಟು ದೂರ ಇಟ್ಟಿದ್ದಿರಿ ಅನ್ನುವುದರ ಸಮೇತ.

ಬೆಳಕು ಕೊಟ್ಟು ಕಾಲು ಗಂಟೆ ಸುಮ್ನೆ ಬಿಡಿ. ಆಮೇಲೆ ಗಟ್ಟಿ ಹೊರ ಪೊರೆ ತೆಗೆದು ಸೋಡಾ ನೀರಿಗೆ ಹಾಕಿ. ಶೇ. 1ರಷ್ಟು ಸೋಡಿಯಂ ಕಾರ್ಬೊನೇಟ್, ಸುಮಾರು 30 ಡಿಗ್ರಿ ಬಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಪುಡಿ ಸೋಡಾ ಆಶ್ ಆದರೆ ಲೀಟರ್‌ಗೆ 10 ಗ್ರಾಂ. ಹರಳು ಹರಳಾದ ವಾಷಿಂಗ್ ಸೋಡಾ ಆದರೆ 27 ಗ್ರಾಂ, ಯಾಕೆಂದರೆ ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಅಡುಗೆ ಸೋಡಾ ಬೇರೆ ವಸ್ತು, ಅದು ಬೇಡ.

ನೀರಿನಲ್ಲಿ ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಬೆಳಕು ಕಾಣದ ಸೀಳುಗಳಲ್ಲಿ ಫಿಲ್ಮ್ ಲೋಳೆಯಾಗಿ, ನೀಲಿ ಹಾಲಿನ ಹಾಗೆ ಬಿಡಲು ಶುರುವಾಗುತ್ತದೆ. ಮೆತ್ತಗಿನ ಸ್ಪಾಂಜಿನಲ್ಲಿ ತಟ್ಟಿ. ಒಂದೊಂದೇ ಸೀಳಿನಲ್ಲಿ ಹಿತ್ತಾಳೆ ಹೊಳೆಯುತ್ತಾ ಕಾಣಿಸುತ್ತದೆ. ಎಲ್ಲ ಅರವತ್ತೂ ಹೊಳೆಯುವ ತನಕ ಬಿಡಬೇಡಿ. ಒಂದು ಮೂಲೆಯಲ್ಲಿ ತೆಳು ಪೊರೆ ಉಳಿದರೂ ಅಲ್ಲಿ ಫೆರಿಕ್ ಇಳಿಯುವುದಿಲ್ಲ. ಚೆನ್ನಾಗಿ ತೊಳೆದು, ಒರೆಸದೆ, ಗಾಳಿಯಲ್ಲಿ ಒಣಗಿಸಿ. ಬರಿ ಉಳಿದ ಅಂಚುಗಳಿಗೆ ಉಗುರಿನ ಬಣ್ಣ ಬಳಿಯಿರಿ. ಸೂಜಿತೂತು ಕಂಡರೆ ಅದಕ್ಕೂ ಒಂದು ಚುಕ್ಕೆ.

ತಿನ್ನಿಸುವುದು

ತಟ್ಟೆಯಲ್ಲಿ ಮಲಗಿಸುವುದಕ್ಕಿಂತ ಕಿರಿದಾದ ಎತ್ತರದ ಡಬ್ಬದಲ್ಲಿ ನೇತು ಹಾಕುವುದು ಒಳ್ಳೆಯದು. ತಳದಲ್ಲಿ ಮೀನಿನ ತೊಟ್ಟಿಗೆ ಗಾಳಿ ಕೊಡುವ ಪಂಪಿನ ನಳಿಗೆ ಇಡಿ. ಗುಳ್ಳೆಗಳು ಮೇಲೆ ಬರುತ್ತಾ ಹಳೇ ದ್ರಾವಣವನ್ನು ಸೀಳಿನಿಂದ ಹೊರಗೆ ತಳ್ಳುತ್ತವೆ, ಹೊಸದು ಒಳಗೆ ಬರುತ್ತದೆ. ಗುಳ್ಳೆ ಒಡೆದಾಗ ಹನಿ ಸಿಡಿಯುತ್ತದೆ, ಹಾಗಾಗಿ ಮುಚ್ಚಳ ಇರಲಿ.

ಬಿಸಿ 40ರಿಂದ 45 ಡಿಗ್ರಿ. ಒಲೆಯ ಮೇಲೆ ಇಡಬೇಡಿ. ಬಿಸಿನೀರಿನ ಬಕೆಟ್ಟಿನೊಳಗೆ ಡಬ್ಬ ಇಟ್ಟರೆ ಸಾಕು. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಗೂ ಏಪ್ರಿಲ್ ಮಧ್ಯಾಹ್ನಕ್ಕೂ ಸಮಯದಲ್ಲಿ ಬಹಳ ವ್ಯತ್ಯಾಸ ಬರುತ್ತದೆ. ಆದ್ದರಿಂದ ಥರ್ಮಾಮೀಟರ್ ಇಟ್ಟು, ಪ್ರತಿ ಸಲ ಒಂದೇ ಬಿಸಿಯಲ್ಲಿ ಮಾಡಿ. ಇಲ್ಲದಿದ್ದರೆ ನೀವು ಅಳೆದ ಅಂಡರ್‌ಕಟ್ಟಿಗೆ ಅರ್ಥವೇ ಇರುವುದಿಲ್ಲ.

ತಗಡು ಇಳಿಸಿದ ಸ್ವಲ್ಪ ಹೊತ್ತಿಗೆ ಒಮ್ಮೆ ತೆಗೆದು, ತೊಳೆದು ನೋಡಿ. ತೆರೆದ ಜಾಗವೆಲ್ಲ ಹೊಳಪು ಹೋಗಿ ಒಂದೇ ಸಮ ಮಂಕಾಗಿರಬೇಕು. ಎಲ್ಲಾದರೂ ಇನ್ನೂ ಮಿಂಚುತ್ತಿದ್ದರೆ ಅಲ್ಲಿ ಫಿಲ್ಮ್ ಉಳಿದಿದೆ. ಈಗಲೇ ಸೋಡಾ ನೀರಿನಲ್ಲಿ ತಟ್ಟಿ, ತೊಳೆದು, ವಾಪಸ್ ಹಾಕಿದರೆ ಸರಿಹೋಗುತ್ತದೆ. ತಡವಾದರೆ ಹೋಗುವುದಿಲ್ಲ.

ಆಮೇಲೆ ಮೂರು ನಿಮಿಷಕ್ಕೊಮ್ಮೆ ತಗಡನ್ನು ಮೇಲೆ ಕೆಳಗೆ ಮಾಡಿ, ಹಿಂದು ಮುಂದು ಮಾಡಿ. ತಾಜಾ ದ್ರಾವಣದಲ್ಲಿ 0.2 ಮಿ.ಮೀ. ಎರಡೂ ಕಡೆಯಿಂದ ತಿನ್ನಲು ನನಗೆ ಸುಮಾರು 25 ನಿಮಿಷ ಹಿಡಿಯುತ್ತದೆ. ಕೊನೆಯ ಐದು ನಿಮಿಷ ಅಲ್ಲಿಂದ ಅಲ್ಲಾಡಬೇಡಿ. ತೆಗೆದು ಬೆಳಕಿಗೆ ಹಿಡಿದಾಗ ಮೊದಲು ಸೀಳಿನ ನಡುವೆ ಕೂದಲಿನಷ್ಟು ಬೆಳಕು ಕಾಣುತ್ತದೆ. ಅಲ್ಲಿಂದ ಒಂದೆರಡು ನಿಮಿಷದಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಚೌಕಟ್ಟಿನ ಅಂಚಿಗೆ ಹತ್ತಿರ ಇರುವವು ಬೇಗ, ನಡುವಿನವು ತಡ. ಕೊನೆಯ ಸೀಳು ತೆರೆದ ಕೂಡಲೇ ತೆಗೆದು, ಮೊದಲು ಬಕೆಟ್ ನೀರಿನಲ್ಲಿ, ಆಮೇಲೆ ಸೋಡಾ ನೀರಿನಲ್ಲಿ ಅದ್ದಿ. ಫೆರಿಕ್ ಒಂದು ಹನಿ ಉಳಿದರೂ ನಿಧಾನವಾಗಿ ತಿನ್ನುತ್ತಲೇ ಇರುತ್ತದೆ.

ಫಿಲ್ಮ್ ತೆಗೆಯಲು ಲೀಟರ್‌ಗೆ 30 ಗ್ರಾಂ ಕಾಸ್ಟಿಕ್ ಸೋಡಾ. ಇದು ಕಣ್ಣಿಗೆ ಫೆರಿಕ್‌ಗಿಂತ ಅಪಾಯ, ಕನ್ನಡಕ ತೆಗೆಯಬೇಡಿ. ಕೆಲವೇ ನಿಮಿಷದಲ್ಲಿ ಫಿಲ್ಮ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಅಳತೆ

ವರ್ನಿಯರ್‌ನಿಂದ ತೂತಿನ ಬಾಯಿ ಅಳೆದು ಖುಷಿಪಡಬೇಡಿ. ಎರಡೂ ಕಡೆಯಿಂದ ತಿಂದ ತೂತು ಬಾಯಿಯಲ್ಲಿ ಅಗಲ, ನಡುವೆ ಕಿರಿದು. ದಪ್ಪದ ಮಧ್ಯದಲ್ಲಿ ಒಂದು ಏಣು ಉಳಿದಿರುತ್ತದೆ. ಶಾಫ್ಟ್ ಕೂರುವುದು ಆ ಏಣಿನ ಮೇಲೆ. ಹಾಗಾಗಿ ಡ್ರಿಲ್ ಬಿಟ್‌ಗಳ ಹಿಂಬದಿಯ ನುಣುಪು ಭಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆದಿಟ್ಟುಕೊಂಡು, ಅವನ್ನೇ ತೂತಿಗೆ ತೂರಿಸಿ ನೋಡಿ. 4.9 ಹೋಗುತ್ತದೆ, 5.0 ಬಿಗಿ, 5.1 ಹೋಗುವುದಿಲ್ಲ ಅಂದರೆ ನಿಮ್ಮ ಬಿಲ್ಲೆ ಸರಿಯಾಗಿದೆ. ಏಣು ಜಾಸ್ತಿ ಅನ್ನಿಸಿದರೆ ಮುಂದಿನ ಸಲ ಒಂದು ನಿಮಿಷ ಹೆಚ್ಚು ಬಿಡಿ, ಅದಕ್ಕೆ ತಕ್ಕಂತೆ ಚಿತ್ರದಲ್ಲಿ ತೂತು ಇನ್ನಷ್ಟು ಕುಗ್ಗಿಸಿ.

ಸೀಳುಗಳಲ್ಲಿ ಬಿಲ್ಲೆಯ ನಾಲ್ಕು ದಿಕ್ಕಿನವನ್ನು ಅಳೆಯಿರಿ. ಒಂದು ಬದಿಯವು ಮಾತ್ರ ದೊಡ್ಡದಾಗಿದ್ದರೆ ಗುಳ್ಳೆಗಳು ಆ ಕಡೆ ಜಾಸ್ತಿ ಬಂದಿವೆ, ನಳಿಗೆ ಸರಿಸಿ.

ಉಳಿದ ದ್ರಾವಣವನ್ನು ಚೆಲ್ಲಬೇಡಿ

ಫೆರಿಕ್ ಅನ್ನು ಹಲವು ಸಲ ಬಳಸಬಹುದು. ಬಣ್ಣ ಕಡು ಹಸಿರಿಗೆ ತಿರುಗಿ, ಸಮಯ ಎರಡರಷ್ಟಾದಾಗ ಅದರ ಕೆಲಸ ಮುಗಿಯಿತು. ಆಗ ಅದರಲ್ಲಿ ಕರಗಿದ ತಾಮ್ರ, ಸತು ತುಂಬಿರುತ್ತವೆ. ಮೀನಿಗೆ, ನೀರಿನ ಸಣ್ಣ ಜೀವಿಗಳಿಗೆ ತಾಮ್ರ ವಿಷ. ಸಿಂಕಿಗೆ, ಮೋರಿಗೆ, ಗಿಡದ ಬುಡಕ್ಕೆ ಒಂದು ಲೋಟವೂ ಸುರಿಯಬಾರದು. ನಮ್ಮ ಮೋರಿ ಕೊನೆಗೆ ಯಾವ ಕೆರೆ ಸೇರುತ್ತದೆ ಅಂತ ನಿಮಗೂ ಗೊತ್ತು.

ದೊಡ್ಡ ಬಕೆಟ್ಟಿನಲ್ಲಿ ನೀರು ಬೆರೆಸಿ, ಸುಣ್ಣದ ತಿಳಿ ಅಥವಾ ಸೋಡಾ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾ ಆದರೆ ನೊರೆ ಉಕ್ಕುತ್ತದೆ, ಬಕೆಟ್ ಅರ್ಧ ಮಾತ್ರ ತುಂಬಿರಲಿ. ಪಿಎಚ್ ಕಾಗದ 8.5ರಿಂದ 9 ತೋರಿಸುವ ತನಕ ಹಾಕಿ. ಅಮೋನಿಯಾ ಬಳಸಬೇಡಿ, ಅದರಲ್ಲಿ ತಾಮ್ರ ಕರಗಿಯೇ ಉಳಿಯುತ್ತದೆ. ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಕೂರುತ್ತದೆ. ಆ ಕೆಸರನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಹೆಸರು ಬರೆದ ಡಬ್ಬದಲ್ಲಿಡಿ. ಇದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುವ ವಸ್ತು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಪಿಸಿಬಿ ತಯಾರಿಸುವ, ಸ್ವಂತ ನೀರು ಶುದ್ಧೀಕರಣ ಘಟಕ ಇರುವ ಕಾರ್ಖಾನೆಯವರನ್ನು ಕೇಳಿನೋಡಿ. ಸೋಸಿದ ನೀರನ್ನೂ ಅವರಿಗೇ ಕೊಡುವುದು ಒಳ್ಳೆಯದು.

ಹೊರಗೆ ಮಾಡಿಸುವುದಾದರೆ

ನೂರಾರು ಭಾಗ ಬೇಕಾದಾಗ, ಸ್ಟೇನ್‌ಲೆಸ್ ಬೇಕಾದಾಗ ಎಚಿಂಗ್ ಮಾಡಿಕೊಡುವ ಕಾರ್ಖಾನೆಗೆ ಕೊಡಿ. ಅವರ ಮೆಷಿನ್ನಿನಲ್ಲಿ ದ್ರಾವಣವನ್ನು ಎರಡೂ ಕಡೆಯಿಂದ ಒತ್ತಡದಲ್ಲಿ ಚಿಮ್ಮಿಸುತ್ತಾರೆ, ಅಂಡರ್‌ಕಟ್ ಕಡಿಮೆ. ನೀವು ಕುಗ್ಗಿಸಿ ಬರೆದ ಚಿತ್ರ ಅವರಿಗೆ ಕೊಡಬೇಡಿ. ಬೇಕಾದ ಅಳತೆಯದನ್ನೇ ಕೊಟ್ಟು, ಹೊಂದಾಣಿಕೆ ಅವರಿಗೆ ಬಿಡಿ. ಎರಡು ಸಲ ಕುಗ್ಗಿದರೆ ಭಾಗ ಕೆಟ್ಟಿತು ಅಂತಲೇ. ಜೊತೆಗೆ ಲೋಹದ ಹೆಸರು, ದಪ್ಪ, ಎಷ್ಟು ಗಡಸು, ಯಾವ ಅಳತೆ ತಪ್ಪಲೇಬಾರದು, ಟ್ಯಾಬ್ ಎಲ್ಲಿ ಬರಬಾರದು ಅಂತ ಬರೆದುಕೊಡಿ. ಆಮೇಲೆ ಬಗ್ಗಿಸುವ ಭಾಗವಾದರೆ ತಗಡನ್ನು ಉರುಳೆಯಲ್ಲಿ ಲಟ್ಟಿಸಿದ ದಿಕ್ಕನ್ನೂ ಬಾಣ ಹಾಕಿ ತೋರಿಸಿ. ಮಡಿಕೆ ಆ ದಿಕ್ಕಿಗೆ ಅಡ್ಡವಾಗಿ ಬರಬೇಕು. ಉದ್ದಕ್ಕೆ ಬಂದರೆ ಗಡಸು ಹಿತ್ತಾಳೆ ಮಡಿಕೆಯಲ್ಲೇ ಬಿರಿಯುತ್ತದೆ.